ಎರಡು ವಾರವಾದರೂ ಕರಗದ ಗಂಟು

ನಮ್ಮ ಹಾವೇರಿ ಕಡೆ ಬಾಣಂತಿಯ ಎದೆಯಲ್ಲಿ ಗಂಟು ಐತಿ ಅಂದರೆ ಕೇಳಿದವರೆಲ್ಲ ಹೇಳುವುದು ಒಂದೇ ಮಾತು: “ಹಾಲ ಕಟ್ಟೇತಿ ಬಿಡವಾ, ಬಿಸಿನೀರಿನ ಶಾಖ ಕೊಡು.” ಬಹಳಷ್ಟು ಸಲ ಅದು ನಿಜವೂ ಹೌದು. ಹಾಲಿನ ನಾಳ ಕಟ್ಟಿಕೊಂಡರೆ ಗಂಟಾಗುತ್ತದೆ. ಸೋಂಕಾದರೆ ಕೆಂಪಾಗಿ ಬಾತು ಜ್ವರ ಬರುತ್ತದೆ. ಹಾಲು ಒಂದು ಕಡೆ ನಿಂತು ಸಣ್ಣ ಚೀಲದ ಹಾಗೆ ಆಗುವುದೂ ಉಂಟು. ಇವೆಲ್ಲ ವಾಸಿಯಾಗುವಂಥವು. ನಾವು ಇಲ್ಲಿ ಬರೆಯುತ್ತಿರುವುದು ಹಾಗೆ ವಾಸಿಯಾಗದೆ ಉಳಿದ ಒಂದು ಗಂಟಿನ ಬಗ್ಗೆ.

ಸ್ಟ್ರಿಂಗರ್ ಆದವರು ಸುದ್ದಿಯಲ್ಲಿ ‘ನಾನು’ ಅಂತ ಬರೆಯುವ ಹಾಗಿಲ್ಲ. ಬರೆದರೆ ಡೆಸ್ಕಿನವರು ಹೊಡೆದು ಹಾಕುತ್ತಾರೆ. ಆ ರೂಢಿ ಕೈಗೆ ಅಂಟಿದೆ, ಹಾಗಾಗಿ ಇಲ್ಲಿಯೂ ‘ನಾವು’. ಅದರಲ್ಲಿ ಈ ಬರೆಯುವವರೂ ಇದ್ದೇವೆ, ನಮ್ಮ ಮನೆಯವರೂ ಇದ್ದಾರೆ, ಅವ್ವ, ಅತ್ತಿ ಇಬ್ಬರೂ ಇದ್ದಾರೆ.

ಮಗಳು ಹುಟ್ಟಿದ್ದು 2022ರ ಆಗಸ್ಟ್‌ನಲ್ಲಿ. ನಮಗಾಗ 29 ವರ್ಷ. ಗಂಡನ ಮನೆ ರಾಣೆಬೆನ್ನೂರು, ತವರು ಬ್ಯಾಡಗಿ, ಸುದ್ದಿಗೆ ಓಡಾಡುವುದು ಹಾವೇರಿಗೆ. ಬಾಣಂತನಕ್ಕೆ ಬ್ಯಾಡಗಿಯಲ್ಲೇ ಇದ್ದೆವು. ಡಿಸೆಂಬರ್ ಅಂದರೆ ಮೆಣಸಿನಕಾಯಿ ಹಂಗಾಮು, ಊರು ತುಂಬ ಘಾಟು, ಕೂಸು ಸೀನುತ್ತದೆ ಅಂತ ಅವ್ವ ಕಿಟಕಿ ತೆಗೆಯಲು ಬಿಡುತ್ತಿರಲಿಲ್ಲ. ಆ ದಿನಗಳಲ್ಲೇ ಎಡಗಡೆ, ಕಂಕುಳ ಹತ್ತಿರ, ಹುಣಸೆ ಬೀಜದಷ್ಟು ಗಂಟು ಕೈಗೆ ಸಿಕ್ಕಿತು. ನೋವಿಲ್ಲ, ಜ್ವರ ಇಲ್ಲ. ಕೂಸು ಕುಡಿದು ಬಿಟ್ಟ ಮೇಲೆ ಉಳಿದದ್ದೆಲ್ಲ ಮೆತ್ತಗಾದರೂ ಅದೊಂದು ಮಾತ್ರ ಹಾಗೇ ಗಟ್ಟಿ.

ಅವ್ವ ಎಲೆಕೋಸಿನ ಎಲೆ ಇಟ್ಟಳು, ಶಾಖ ಕೊಟ್ಟಳು. ಡಾಕ್ಟರೊಬ್ಬರು ಮೇಲಿಂದಲೇ ನೋಡಿ ಐದು ದಿನದ ಆಂಟಿಬಯಾಟಿಕ್ ಬರೆದರು. ಮುಗಿದ ಮೇಲೆ ಇನ್ನೈದು ದಿನದ್ದು ಬರೆದರು.

ಇಲ್ಲಿ ಭಾಷೆಯದೂ ಒಂದು ತೊಡಕು ಇದೆ. ಪತ್ರಿಕೆಯಲ್ಲಿ ನಾವು ‘ಸ್ತನ’ ಅಂತ ಬರೆಯುತ್ತೇವೆ. ಮನೆಯಲ್ಲಿ ಆ ಪದ ಯಾರೂ ಆಡುವುದಿಲ್ಲ. ಆಡುವ ಪದವನ್ನು ಗಂಡಸು ಡಾಕ್ಟರ ಮುಂದೆ ಹೇಳಲು ನಾಚಿಕೆ. ಹಾಗಾಗಿ ಎಲ್ಲರೂ ಹೇಳುವುದು ‘ಎದಿ’. ಎದಿಯಾಗ ಏನೋ ಆಗೇತ್ರಿ ಅಂದರೆ ಇಸಿಜಿ ಮಾಡಿಸಿ ಅನ್ನುವವರೂ ಇದ್ದಾರೆ. ನಗು ಬರುತ್ತದೆ, ಆದರೆ ಅದರಲ್ಲೇ ಒಂದು ತಿಂಗಳು ಕಳೆದು ಹೋಗಬಹುದು.

ನಮ್ಮ ವಿಷಯದಲ್ಲಿ ದಾರಿ ತೋರಿದ್ದು ಕೂಸಿನ ತೂಕ ನೋಡಲು ಬಂದ ಆಶಾ ಕಾರ್ಯಕರ್ತೆ. ಕೈಯಿಂದ ಮುಟ್ಟಿ ನೋಡಿ ಕೇಳಿದರು: “ಎಷ್ಟ ದಿನ ಆತ್ರಿ ಅಕ್ಕಾರ?” ತಿಂಗಳಾಯಿತು ಅಂದೆವು. “ಹಾಲಿನ ಗಂಟ ಆದ್ರ ಎರಡ ವಾರದಾಗ ಕರಗಬೇಕ್ರಿ. ಇದು ಕರಗಿಲ್ಲ. ಸ್ಕ್ಯಾನ್ ಮಾಡಸ್ರಿ, ಇವತ್ತ ನಾಳೆ ಅನಬ್ಯಾಡ್ರಿ.” ಎರಡು ವಾರ ಅನ್ನುವ ಆ ಲೆಕ್ಕವನ್ನೇ ಆಮೇಲೆ ನಾವು ಕಂಡ ದೊಡ್ಡ ಡಾಕ್ಟರರೂ ಹೇಳಿದರು.

ಹಾಲುಣಿಸುವಾಗ ಸ್ಕ್ಯಾನ್ ಮಾಡಿಸಬಾರದು ಅಂತ ಅತ್ತಿಯ ಕಡೆಯವರು ಅಂದರು. ಅಲ್ಟ್ರಾಸೌಂಡಿನಿಂದ ಹಾಲಿಗೆ ಏನೂ ಆಗುವುದಿಲ್ಲ, ಬಸುರಿಯ ಹೊಟ್ಟೆಗೆ ಮಾಡುವುದೂ ಅದನ್ನೇ. ಹೋಗುವ ಮುಂಚೆ ಕೂಸಿಗೆ ಕುಡಿಸಿ ಹೋದರೆ ಚಿತ್ರ ಇನ್ನಷ್ಟು ಚೆನ್ನಾಗಿ ಕಾಣುತ್ತದೆ. ರಾಣೆಬೆನ್ನೂರಿನಲ್ಲೇ ಮಾಡಿಸಿದೆವು. ಆ ವರದಿಯ ಕೊನೆಗೆ ‘ಬೈರಾಡ್ಸ್’ ಅಂತ ಒಂದು ಅಂಕಿ ಬರೆದಿರುತ್ತಾರೆ. 2 ಅಂದರೆ ಕ್ಯಾನ್ಸರ್ ಅಲ್ಲ. 3 ಅಂದರೆ ಬಹುತೇಕ ಅಲ್ಲ, ಆರು ತಿಂಗಳಿಗೆ ಮತ್ತೊಮ್ಮೆ ನೋಡಬೇಕು. 4 ಅಥವಾ 5 ಅಂತಿದ್ದರೆ ಸೂಜಿ ಪರೀಕ್ಷೆ ಆಗಲೇಬೇಕು. ನಮ್ಮದು 5 ಇತ್ತು.

ಸೂಜಿ ಚುಚ್ಚಿದರೆ ಗಾಳಿ ತಾಕಿ ಜಡ್ಡು ಹಬ್ಬುತ್ತದೆ ಅನ್ನುವ ಮಾತು ಬ್ಯಾಡಗಿಯಲ್ಲೂ ಇದೆ, ರಾಣೆಬೆನ್ನೂರಿನಲ್ಲೂ ಇದೆ. ಅದು ಸುಳ್ಳು. ಚುಚ್ಚದೆ ಯಾವ ಡಾಕ್ಟರಿಗೂ ಖಚಿತವಾಗಿ ಹೇಳಲು ಬರುವುದಿಲ್ಲ, ಯಾವ ಔಷಧಿ ಕೊಡಬೇಕು ಅನ್ನುವುದೂ ತಿಳಿಯುವುದಿಲ್ಲ. ಹಾಲಿರುವ ಎದೆಯಲ್ಲಿ ಸಣ್ಣ ಸೂಜಿಯ ಪರೀಕ್ಷೆ ಕೆಲವೊಮ್ಮೆ ಗೊಂದಲ ಮಾಡುತ್ತದೆ ಅಂತ ಹುಬ್ಬಳ್ಳಿಯಲ್ಲಿ ದಪ್ಪ ಸೂಜಿಯಿಂದ ತುಣುಕು ತೆಗೆದರು. ಜಾಗ ಮರಗಟ್ಟಿಸಿ ತೆಗೆಯುತ್ತಾರೆ, ತಡೆದುಕೊಳ್ಳುವಷ್ಟೇ ನೋವು.

ಫೆಬ್ರುವರಿಯಲ್ಲಿ ವರದಿ ಬಂತು. ಮನೆಯವರು ಎರಡು ಸಲ ಓದಿದರು, ಪುಟ ತಿರುಗಿಸಿದರು, ಆಮೇಲೆ ಕೇಳಿದರು: “ಇದರಾಗ ಕ್ಯಾನ್ಸರ್ ಅಂತ ಎಲ್ಲೂ ಇಲ್ಲಲ್ಲ?” ನಿಜ, ಆ ಪದ ಇರಲಿಲ್ಲ. ‘ಇನ್ವೇಸಿವ್ ಡಕ್ಟಲ್ ಕಾರ್ಸಿನೋಮಾ’ ಅಂತಿತ್ತು. ಕಾರ್ಸಿನೋಮಾ ಅಂದರೆ ಅದೇ ಅಂತ ಅವರಿಗೆ ಹೇಳುವುದು ನಮ್ಮ ಪಾಲಿಗೆ ಬಂತು. ಹತ್ತು ವರ್ಷ ಅಪಘಾತ, ಬೆಳೆಹಾನಿ, ಸಾವಿನ ಸುದ್ದಿ ಬರೆದ ಕೈ. ಆ ಒಂದು ಸಾಲು ಬಾಯಿಂದ ಹೊರಡಲಿಲ್ಲ. ವರದಿ ಮೇಲೆ ಬೆರಳಿಟ್ಟು ತೋರಿಸಿದೆವು, ಅಷ್ಟೇ.

ಬಸುರಿನಲ್ಲಿ ಅಥವಾ ಹೆರಿಗೆಯಾದ ಒಂದು ವರ್ಷದೊಳಗೆ ಸ್ತನ ಕ್ಯಾನ್ಸರ್ ಕಾಣಿಸುವುದು ಅಪರೂಪ. ಸುಮಾರು 3,000 ಬಸುರಿಗೆ ಒಂದು ಅನ್ನುವುದು ವೈದ್ಯರ ಲೆಕ್ಕ. ‘ಹಾಲುಣಿಸುವವರಿಗೆ ಬರೋದಿಲ್ಲ’ ಅಂತ ಕೆಲವರು ನಮಗೆ ಸಮಾಧಾನ ಹೇಳಿದ್ದರು. ‘ಹಾಲುಣಿಸಿದ್ದಕ್ಕೇ ಬಂತು’ ಅಂದವರೂ ಇದ್ದರು. 2002ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 30 ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿದ ಲೇಖನ ಬಂತು. ಒಟ್ಟು ಒಂದು ವರ್ಷ ಹಾಲುಣಿಸಿದರೆ ಈ ಕ್ಯಾನ್ಸರಿನ ಸಾಧ್ಯತೆ ನೂರಕ್ಕೆ 4ರಷ್ಟು ತಗ್ಗುತ್ತದೆ ಅನ್ನುವುದು ಅದರ ಲೆಕ್ಕ. ತಗ್ಗುತ್ತದೆ, ಇಲ್ಲವಾಗುವುದಿಲ್ಲ. ಉಣಿಸಿದ್ದಕ್ಕೆ ಬರುವುದಂತೂ ಅಲ್ಲವೇ ಅಲ್ಲ.

ನಮ್ಮದು ಮೂರೂ ನೆಗೆಟಿವ್ ಬಂದ ಬಗೆಯದು, ಅಂದರೆ ಹಾರ್ಮೋನಿನ ಮಾತ್ರೆ ಕೆಲಸ ಮಾಡದ್ದು. ಮೊದಲು ಕಿಮೊ, ಆಮೇಲೆ ಆಪರೇಷನ್, ಆಮೇಲೆ ಕರೆಂಟು ಅಂದರು. ಕರೆಂಟು ಅಂದರೆ ರೇಡಿಯೇಷನ್, ನಮ್ಮ ಕಡೆ ಹಾಗೇ ಅನ್ನುವುದು. ಅದೆಲ್ಲಕ್ಕಿಂತ ಮೊದಲು ಇನ್ನೊಂದು ಕೆಲಸ: ಕೂಸಿಗೆ ಹಾಲು ಬಿಡಿಸಬೇಕು.

ಅದುವರೆಗೆ ಕುಡಿದ ಹಾಲಿನಿಂದ ಕೂಸಿಗೆ ಜಡ್ಡು ಅಂಟಿರುತ್ತದೇನೋ ಅಂತ ಅತ್ತಿ ರಾತ್ರಿಯಿಡೀ ಅತ್ತಿದ್ದರು. ಕ್ಯಾನ್ಸರ್ ಹಾಲಿನಿಂದ ಮಗುವಿಗೆ ಹೋಗುವುದಿಲ್ಲ. ಹೋಗುವುದು ಕಿಮೊ ಔಷಧಿ, ಅದಕ್ಕೇ ಬಿಡಿಸುವುದು. ಇದನ್ನು ಡಾಕ್ಟರು ಅತ್ತಿಯನ್ನು ಎದುರು ಕೂರಿಸಿಕೊಂಡು ಮೂರು ಸಲ ಹೇಳಿದರು. ಬ್ಯಾಸರ ಮಾಡಿಕೊಳ್ಳದೆ ಹೇಳಿದರಲ್ಲ, ಅದನ್ನು ನಾವು ಮರೆತಿಲ್ಲ.

ಹಾಲು ನಿಲ್ಲಲು ಮಾತ್ರೆ ಕೊಟ್ಟರು. ಅವ್ವ ಮಾತ್ರೆಯ ಜೊತೆಗೆ ಮಲ್ಲಿಗೆ ಮೊಗ್ಗು ತಂದು ಕಟ್ಟಿದಳು. ಹಾಲು ಬತ್ತಿಸಲು ಮಲ್ಲಿಗೆ ಕಟ್ಟುವ ರೂಢಿ ದಕ್ಷಿಣದಲ್ಲಿ ಹಳೆಯದು. ವೆಲ್ಲೂರಿನ ವೈದ್ಯರು ಇದನ್ನು ಪರೀಕ್ಷೆ ಮಾಡಿ, ಹೂವಿನಿಂದಲೂ ಹಾಲು ತಗ್ಗುತ್ತದೆ ಅಂತ 1988ರಲ್ಲೇ ಬರೆದಿದ್ದಾರೆ ಅನ್ನುವುದು ಆಮೇಲೆ ಓದಿ ತಿಳಿಯಿತು. ಅವ್ವನಿಗೆ ಹೇಳಿದರೆ, “ಅವರಿಗೆ ಈಗ ಗೊತ್ತಾತೇನ?” ಅಂದಳು.

ಕೂಸಿಗೆ ಆಗ ಆರು ತಿಂಗಳು ತುಂಬಿದ್ದು ಪುಣ್ಯ, ರಾಗಿ ಗಂಜಿ ಶುರುವಾಗಿತ್ತು. ಡಬ್ಬಿ ಹಾಲು ಬಾಟಲಿಯಲ್ಲಿ ಕೊಟ್ಟರೆ ಉಗುಳುತ್ತಿತ್ತು, ಬೆಳ್ಳಿ ಒಳಲೆಯಲ್ಲಿ ಹಾಕಿದರೆ ಒಂದಿಷ್ಟು ನುಂಗುತ್ತಿತ್ತು. ನಮ್ಮ ಮೈವಾಸನೆ ಬಂದರೆ ಹುಡುಕಲು ಶುರು ಮಾಡುತ್ತಿತ್ತು. ಅದಕ್ಕೆ ಐದು ರಾತ್ರಿ ಕೂಸು ಅತ್ತಿಯ ಮಗ್ಗುಲಲ್ಲಿ, ನಾವು ಪಡಸಾಲೆಯಲ್ಲಿ. ಕೂಸು ಅತ್ತಾಗೆಲ್ಲ ನಿಲ್ಲಬೇಕಾದ ಹಾಲು ಇಳಿದು ರವಿಕೆ ತೊಯ್ಯುತ್ತಿತ್ತು. ಮೂರನೇ ರಾತ್ರಿ ಪಕ್ಕದ ಮನೆಯ ಬಾಣಂತಿ ಬಂದು, ಯಾರನ್ನೂ ಕೇಳದೆ, ಕೂಸನ್ನು ಎತ್ತಿ ತನ್ನ ಎದೆಗೆ ಹಾಕಿಕೊಂಡಳು. ಡಾಕ್ಟರು ನೋಡಿದ್ದರೆ ಬೈಯುತ್ತಿದ್ದರೇನೋ. ಕೂಸು ಮಲಗಿತು. ಅವಳು ಏನೂ ಮಾತಾಡದೆ ಹೋದಳು. ಆರನೇ ದಿನದ ಹೊತ್ತಿಗೆ ಮಗಳು ಒಳಲೆಗೆ ಒಗ್ಗಿದಳು, ಮಕ್ಕಳು ನಮಗಿಂತ ಬೇಗ ಒಗ್ಗುತ್ತಾರೆ.

ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಿಮೊ. ವಾಂತಿ, ಬಾಯಿಹುಣ್ಣು, ನಾಲಿಗೆಗೆ ಕಬ್ಬಿಣದ ರುಚಿ, ಇವು ಎಲ್ಲರೂ ಹೇಳುವಂಥವೇ. ಕೂದಲು ಉದುರುವ ಮೊದಲೇ ಬೋಳಿಸಿಕೊಂಡೆವು. ಬಸ್‌ನಲ್ಲಿ ಕಂಡವರು “ತಿರುಪತಿಗೆ ಹೋಗಿದ್ರೇನ್ರಿ?” ಅಂದರೆ ಹೌದು ಅಂತಿದ್ದೆವು. ಒಬ್ಬರು ಪ್ರಸಾದ ಕೇಳಿದರು. ಸೆಪ್ಟೆಂಬರ್‌ನಲ್ಲಿ ಆಪರೇಷನ್, ಎಡಗಡೆ ಪೂರ್ತಿ ತೆಗೆದರು. ಕಂಕುಳ ಗಂಟುಗಳನ್ನೂ ತೆಗೆದಿದ್ದರಿಂದ ಆ ಕೈಯಿಂದ ಭಾರ ಎತ್ತಬಾರದು ಅಂದರು. ವರ್ಷ ತುಂಬಿ ಒಂದು ತಿಂಗಳಾದ ಮಗಳಿಗೆ ಅದು ಹೇಗೆ ಅರ್ಥವಾಗಬೇಕು? ಎರಡೂ ಕೈ ಚಾಚಿ ನಿಲ್ಲುತ್ತಿದ್ದಳು. ನಾವು ನೆಲದ ಮೇಲೆ ಕೂತುಬಿಡುತ್ತಿದ್ದೆವು, ಅವಳೇ ಹತ್ತಿ ತೊಡೆಗೆ ಬರುತ್ತಿದ್ದಳು. ಗೋಡೆಗೆ ಬೆರಳು ಊರಿ ದಿನಕ್ಕಿಷ್ಟು ಮೇಲೆ ಏರಿಸುವ ವ್ಯಾಯಾಮ ಹೇಳಿದ್ದರು. ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಿದ್ದೆವು, ಪಕ್ಕದಲ್ಲೇ ಮಗಳ ಎತ್ತರದ ಗುರುತು.

ನವೆಂಬರ್‌ನಲ್ಲಿ 15 ಸಲ ಕರೆಂಟು. ರಾಣೆಬೆನ್ನೂರಿನಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್ ಮೇಲೆ, ದಿನಾ ಹೋಗಿ ಬರಬೇಕು. ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿದ್ದರಿಂದ ಸರ್ಕಾರಿ ಬಸ್ಸಿಗೆ ದುಡ್ಡು ಕೊಡಬೇಕಿರಲಿಲ್ಲ. ಆ ಯೋಜನೆಯ ಬಗ್ಗೆ ಪರ, ವಿರೋಧ ಎರಡೂ ಸುದ್ದಿ ಬರೆದಿದ್ದೇವೆ. ಜೊತೆಗೆ ಬಂದ ಅವ್ವನ ಟಿಕೆಟೂ ಉಳಿಯಿತು ಅನ್ನುವುದು ಸುದ್ದಿಯಲ್ಲಿ ಬರೆಯದ ಲೆಕ್ಕ.

ದುಡ್ಡಿನ ಮಾತು ಬಂತು, ಹೇಳಿಬಿಡುತ್ತೇವೆ. ಸ್ಟ್ರಿಂಗರ್‌ಗೆ ಸುದ್ದಿಗಿಷ್ಟು ಅಂತ ಸಂಭಾವನೆ. ಇಎಸ್‌ಐ ಇಲ್ಲ, ಪಿಎಫ್ ಇಲ್ಲ. ಬಿಪಿಎಲ್ ಕಾರ್ಡಿದ್ದ ಮನೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಕಿಮೊ ಮತ್ತು ಆಪರೇಷನ್ ಅದರಲ್ಲೇ ಆಯಿತು. ರೇಷನ್ ಕಾರ್ಡು, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೂರನ್ನೂ ಮೊದಲೇ ಜೋಡಿಸಿಕೊಂಡು ಹೋಗಿ. ಕೂಸಿನ ಹೆಸರು ರೇಷನ್ ಕಾರ್ಡಿಗೆ ಸೇರಿಸುವ ಓಡಾಟದಲ್ಲಿ ನಿಮ್ಮ ಹೆಸರು ಯಾವ ಮನೆಯ ಕಾರ್ಡಿನಲ್ಲಿದೆ ಅಂತಲೂ ನೋಡಿಕೊಳ್ಳಿ. ತವರಿನಲ್ಲಿ ತೆಗೆಸಿ ಗಂಡನ ಮನೆಯಲ್ಲಿ ಸೇರಿಸದೆ ಉಳಿದ ಹೆಣ್ಣುಮಕ್ಕಳು ನಮ್ಮ ಜಿಲ್ಲೆಯಲ್ಲಿ ಬಹಳ. ಜಡ್ಡು ಪತ್ತೆಯಾಗುವ ಮುಂಚಿನ ಸ್ಕ್ಯಾನು, ಪರೀಕ್ಷೆಗಳ ಖರ್ಚು ನಮ್ಮ ಕೈಯಿಂದ ಹೋಯಿತು. ಎರಡು ಬಳೆ ಈಗಲೂ ಅಡವು ಇವೆ.

ಅವ್ವನಿಗೆ ಇದ್ದ ಹೆದರಿಕೆ ಬೇರೆ. “ತಂಗಿ ಲಗ್ನ ಆಗೂತನಕ ಹೊರಗ ಹೇಳಬ್ಯಾಡ.” ಮನೆತನದ ಜಡ್ಡು ಅಂತ ಬೀಗರು ಹಿಂದೆ ಸರಿದರೆ? ಈ ಕ್ಯಾನ್ಸರ್‌ನಲ್ಲಿ ಹುಟ್ಟಿನಿಂದ ಬರುವುದು ನೂರಕ್ಕೆ 5ರಿಂದ 10 ಮಾತ್ರ ಅಂತ ಡಾಕ್ಟರು ಹೇಳಿದ್ದರು. ನಮ್ಮ ಬಗೆಯದಕ್ಕೆ, ನಮ್ಮ ವಯಸ್ಸಿಗೆ, ವಂಶವಾಹಿ ಪರೀಕ್ಷೆ ಮಾಡಿಸಿದರೆ ಒಳ್ಳೆಯದು ಅಂತಲೂ ಹೇಳಿದ್ದರು. ಮಾಡಿಸಿದೆವು, ದೋಷ ಸಿಗಲಿಲ್ಲ. ತಂಗಿಯೇ ಬೀಗರ ಎದುರು ಎಲ್ಲ ಹೇಳಿದಳು. ಒಂದು ಸಂಬಂಧ ತಪ್ಪಿತು, ಎರಡನೆಯದು ಕೂಡಿತು. ಲಗ್ನ ಆಗಿದೆ, ಅದಕ್ಕೇ ಈಗ ಬರೆಯುತ್ತಿದ್ದೇವೆ.

ಸರ್ಕಾರದ ತಪಾಸಣೆ 30 ವರ್ಷ ದಾಟಿದವರಿಗೆ: ಬಿಪಿ, ಸಕ್ಕರೆ, ಬಾಯಿ, ಸ್ತನ, ಗರ್ಭಕಂಠ. ನಮಗೆ 29 ಇತ್ತು. ಹಾಗಂತ ಎಲ್ಲ ಬಾಣಂತಿಯರಿಗೂ ಕ್ಯಾಂಪ್ ಮಾಡಿ ಅಂತ ನಾವು ಕೇಳುತ್ತಿಲ್ಲ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಇಟ್ಟುಕೊಂಡು ಒಂದು ದೊಡ್ಡ ಅಧ್ಯಯನ ಮಾಡಿದರು. ಅವರಲ್ಲಿ ಅರ್ಧದಷ್ಟು ಮಹಿಳೆಯರಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷೆ ಮಾಡಿದರು. 50 ದಾಟಿದವರಲ್ಲಿ ಇದರಿಂದ ಸಾವು ಸುಮಾರು ಶೇ. 30ರಷ್ಟು ತಗ್ಗಿತು, ಅದಕ್ಕಿಂತ ಚಿಕ್ಕವರಲ್ಲಿ ಅಂಥ ಲಾಭ ಕಾಣಲಿಲ್ಲ. ಅಂದರೆ ಅವ್ವ, ಅತ್ತಿಯರ ವಯಸ್ಸಿನವರು ತಪಾಸಣೆಗೆ ಹೋಗಲೇಬೇಕು. ಬಾಣಂತಿಯರ ವಿಷಯದಲ್ಲಿ ನಮ್ಮ ಬೇಡಿಕೆ ಸಣ್ಣದು: ಗಂಟು ಐತಿ ಅಂದವಳನ್ನು ಎರಡು ವಾರ ಬಿಟ್ಟು ಯಾರಾದರೂ ಮತ್ತೊಮ್ಮೆ ಮುಟ್ಟಿ ನೋಡಬೇಕು. ಕರಗದಿದ್ದರೆ ಮತ್ತೆ ಆಂಟಿಬಯಾಟಿಕ್ ಬರೆಯದೆ ಸ್ಕ್ಯಾನಿಗೆ ಕಳಿಸಬೇಕು. ಅಕ್ಟೋಬರ್ ಬಂತೆಂದರೆ ಗುಲಾಬಿ ರಿಬ್ಬನ್ ಕಟ್ಟಿದ ಜಾಥಾದ ಫೋಟೊ ನಾವೇ ಕಳಿಸುತ್ತೇವೆ. ಆ ಜಾಥಾದಲ್ಲಿ ಕೂಸು ಎತ್ತಿಕೊಂಡವರನ್ನು ಇದುವರೆಗೆ ಕಂಡಿಲ್ಲ.

ಮೂರೂ ನೆಗೆಟಿವ್ ಬಗೆಯದು ಮರಳುವುದಿದ್ದರೆ ಹೆಚ್ಚಾಗಿ ಮೊದಲ ಮೂರು ವರ್ಷದಲ್ಲೇ, ಐದು ದಾಟಿದರೆ ಭಯ ಬಹಳ ಕಡಿಮೆ ಅನ್ನುತ್ತಾರೆ. ನಮ್ಮ ಚಿಕಿತ್ಸೆ ಮುಗಿದು ಎರಡು ವರ್ಷ ದಾಟಿದೆ. ಈಗ ಆರು ತಿಂಗಳಿಗೊಮ್ಮೆ ಹುಬ್ಬಳ್ಳಿ. ಮುಂದಿನ ತಿಂಗಳು ಮತ್ತೆ ಹೋಗಬೇಕು. ಮಗಳು ಈ ಸಲ ತಾನೂ ಬರುತ್ತೇನೆ ಅಂತ ಈಗಲೇ ಚಪ್ಪಲಿ ತೆಗೆದಿಟ್ಟಿದ್ದಾಳೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಬೇಕಂತೆ.