ತೂಬಿನ ಕೆಲಸ

ಮಗುವನ್ನು ಶಾಲೆಗೆ ಸೇರಿಸುವ ಅರ್ಜಿಯಲ್ಲಿ 'ತಾಯಿಯ ಉದ್ಯೋಗ' ಎಂಬಲ್ಲಿ ಬಹಳ ಮಂದಿ 'ಇಲ್ಲ' ಎಂದೇ ಬರೆಯುತ್ತಾರೆ. ಕೋಳಿ ಕೂಗುವ ಮೊದಲೇ ಎದ್ದು ಒಲೆ, ದನ, ಗದ್ದೆ ಎಲ್ಲವನ್ನೂ ನೋಡಿಕೊಳ್ಳುವವಳಿಗೆ ಉದ್ಯೋಗ ಇಲ್ಲವಂತೆ! ವಿಜ್ಞಾನಿಗಳೂ ಇಂಥದೇ ಮಾತಾಡಿದ್ದುಂಟು. ನಮ್ಮ ಡಿಎನ್‌ಎ ಎಂಬುದು ಸುಮಾರು 300 ಕೋಟಿ ಅಕ್ಷರಗಳ ಬರಹ. ಅದರಲ್ಲಿ ಪ್ರೋಟೀನು ತಯಾರಿಸಲು ಹೇಳುವ ಭಾಗ ನೂರಕ್ಕೆ ಎರಡರಷ್ಟು ಮಾತ್ರ. ಉಳಿದದ್ದರಲ್ಲಿ ಬಹುಪಾಲನ್ನು 1972ರಲ್ಲಿ ಸುಸುಮು ಓನೊ ಎಂಬ ವಿಜ್ಞಾನಿ 'ಕಸ' ಎಂದು ಕರೆದರು. ಅದರಲ್ಲಿ ಕೆಲಸಕ್ಕೆ ಬಾರದ್ದೂ ಇದ್ದೀತು. ಆದರೆ ಕೆಲವು ತುಣುಕುಗಳು ತೂಬಿನ ಕೆಲಸ ಮಾಡುತ್ತವೆಂದು ಈಗ ತಿಳಿದಿದೆ.

ತೂಬೆಂದರೇನೆಂದು ನಮ್ಮ ತಾಳಗುಂದದವರಿಗೆ ಬಿಡಿಸಿ ಹೇಳಬೇಕಿಲ್ಲ. ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಶಾಸನದಲ್ಲಿ ಕದಂಬರ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯ ಸಂಗತಿಯೇ ಇದೆ. ತೂಬಿನಲ್ಲಿ ಭತ್ತ ಬೆಳೆಯುವುದಿಲ್ಲ. ಆದರೆ ಗದ್ದೆಗೆ ಯಾವಾಗ, ಎಷ್ಟು ನೀರು ಎಂಬುದು ತೂಬಿನ ಕೈಯಲ್ಲಿದೆ.

ನನ್ನ ತರಗತಿಯಲ್ಲಿ ಥಲಸ್ಸೇಮಿಯಾ ಇದ್ದ ಹುಡುಗಿಯೊಬ್ಬಳಿದ್ದಳು. ತಿಂಗಳು ತಿಂಗಳೂ ರಕ್ತ ಹಾಕಿಸಲು ತಾಯಿಯೇ ಅವಳನ್ನು ಶಿವಮೊಗ್ಗಕ್ಕೆ ಕರೆದೊಯ್ಯುತ್ತಿದ್ದಳು. ಮನೆಯವರ ಮಾತು ಒಂದೇ: 'ಇವಳ ತವರಿನ ರಕ್ತವೇ ಸರಿಯಿಲ್ಲ.' ಈ ಕಾಯಿಲೆ ಬರಬೇಕಾದರೆ ತಂದೆತಾಯಿ ಇಬ್ಬರಿಂದಲೂ ದೋಷವುಳ್ಳ ಜೀನು ಬಂದಿರಬೇಕು. ಇದನ್ನು ತಿಳಿಸಲು ಅವರ ಮನೆಗೆ ಎರಡು ಸಲ ಹೋದೆ. ಮುಂದಿನ ತಿಂಗಳು ತಂದೆಯೇ ಮಗಳ ಕೈಹಿಡಿದು ಬಸ್ಸು ಹತ್ತಿದ.

ಗರ್ಭದಲ್ಲಿರುವ ಮಗುವಿನ ಹಿಮೋಗ್ಲೋಬಿನ್ ಬೇರೆ ಬಗೆಯದು. ಥಲಸ್ಸೇಮಿಯಾ ಅದನ್ನು ಕೆಡಿಸುವುದಿಲ್ಲ. ಆದರೆ ಹುಟ್ಟಿದ ಮೇಲೆ ಬಿಸಿಎಲ್11ಎ ಎಂಬ ಜೀನು ಅದರ ತಯಾರಿಕೆಯನ್ನು ತಡೆಯುತ್ತದೆ. ಆ ಜೀನನ್ನೇ ಕತ್ತರಿಸೋಣವೆಂದರೆ ದೇಹದ ಬೇರೆ ಕಡೆ ಅದು ಬೇಕು. ಆದ್ದರಿಂದ ರೋಗಿಯ ರಕ್ತ ಹುಟ್ಟಿಸುವ ಜೀವಕೋಶಗಳನ್ನು ಹೊರತೆಗೆದು, ಕೆಂಪು ರಕ್ತಕಣಗಳಲ್ಲಿ ಆ ಜೀನನ್ನು ನಡೆಸುವ ತೂಬನ್ನಷ್ಟೇ 'ಕ್ರಿಸ್ಪರ್' ಕತ್ತರಿಯಿಂದ ತುಂಡರಿಸಿ, ಮತ್ತೆ ಮೈಗೆ ಸೇರಿಸುತ್ತಾರೆ. ಗರ್ಭದ ಹಿಮೋಗ್ಲೋಬಿನ್ ಮರಳುತ್ತದೆ. 'ಕ್ಯಾಸ್ಜೆವಿ' ಎಂಬ ಈ ಚಿಕಿತ್ಸೆಗೆ ಬ್ರಿಟನ್ 2023ರ ನವೆಂಬರಿನಲ್ಲಿ ಮೊದಲು ಒಪ್ಪಿಗೆ ಕೊಟ್ಟಿತು. ಪ್ರಯೋಗದಲ್ಲಿ ವರ್ಷ ಮೀರಿ ಗಮನಿಸಲಾದ 42 ಥಲಸ್ಸೇಮಿಯಾ ರೋಗಿಗಳಲ್ಲಿ 39 ಮಂದಿ ಕನಿಷ್ಠ ಒಂದು ವರ್ಷ ಹೊರಗಿನ ರಕ್ತವಿಲ್ಲದೆ ಬದುಕಿದರು.

ಆದರೆ ಅದಕ್ಕೆ ಮೊದಲು ಕಟುವಾದ ಔಷಧಿಯಿಂದ ಹಳೆಯ ಮಜ್ಜೆಯನ್ನು ಬರಿದು ಮಾಡಬೇಕು. ಅಮೆರಿಕದಲ್ಲಿ ಇಟ್ಟ ಬೆಲೆಯೋ 22 ಲಕ್ಷ ಡಾಲರು! ನಮ್ಮೂರ ಮಗುವಿಗೆ ಅದು ಗಗನಕುಸುಮವೇ.

ನಮ್ಮ ಕೈಗೆಟಕುವುದು ಇಷ್ಟು: ಮದುವೆಗೆ ಮೊದಲು ಗಂಡು, ಹೆಣ್ಣು ಇಬ್ಬರ ರಕ್ತವನ್ನೂ ಪರೀಕ್ಷಿಸುವುದು. ಜಾತಕ ಕೂಡಿಸುವ ಅಮ್ಮಂದಿರು ಈ ಚೀಟಿಯನ್ನೂ ಕೇಳಿ ಪಡೆಯಲಿ. ಹೆಣ್ಣಿನದು ಮಾತ್ರವಲ್ಲ, ಗಂಡಿನದೂ.