ಗುಡೇಕೋಟೆ ಬಂಡೆ ಮೇಲೆ ನೆನಪಾದ ಹೆಲಿಕಾಪ್ಟರ್

ಊರಿಗೆ ಹೋದಾಗ ಒಂದು ಸಂಜೆ ಗುಡೇಕೋಟೆಗೆ ಮೀಸಲು. ಕೂಡ್ಲಿಗಿ ತಾಲ್ಲೂಕಿನ ಈ ಊರನ್ನು ಒನಕೆ ಓಬವ್ವನ ತವರು ಅಂತಾರೆ. ಕೋಟೆಯಲ್ಲಿ ಗೋಡೆಗಿಂತ ಬಂಡೆಗಳೇ ಜಾಸ್ತಿ, ಸುತ್ತ ಕರಡಿಧಾಮ. ಕಳೆದ ದೀಪಾವಳಿಗೆ ಹೋದವನು ಫೋಟೊ ಹುಚ್ಚಿಗೆ ಬಂಡೆಯೊಂದರ ಅಂಚಿಗಿಳಿದು ಜಾರಿದೆ. ಎರಡಾಳು ಕೆಳಗೆ, ಮಂಚದಷ್ಟು ಜಾಗದಲ್ಲಿ ಸಿಕ್ಕಿಕೊಂಡೆ. ಹತ್ತೋಕಾಗಲ್ಲ, ಕೆಳಗೆ ನೋಡೋಕೂ ಧೈರ್ಯವಿಲ್ಲ. ಫೋನಿನಲ್ಲಿ ಸಿಗ್ನಲ್ ಇಲ್ಲ.

ಆಗ ನೆನಪಾದದ್ದು ನಂದಿಬೆಟ್ಟ. 2022ರ ಫೆಬ್ರವರಿ 20ರಂದು ಅಲ್ಲಿನ ಬ್ರಹ್ಮಗಿರಿ ಬಂಡೆಯಿಂದ ವಿದ್ಯಾರ್ಥಿಯೊಬ್ಬ ಸುಮಾರು 300 ಅಡಿ ಕೆಳಗೆ ಬಿದ್ದು ಸಿಕ್ಕಿಕೊಂಡಿದ್ದ. ಯಲಹಂಕ ವಾಯುನೆಲೆಯಿಂದ ಎಂಐ-17 ಹೆಲಿಕಾಪ್ಟರ್ ಬಂತು. ಆ ವಿಡಿಯೊ ನಾನು ಆಫೀಸಿನಲ್ಲಿ ಊಟ ಮಾಡ್ತಾ ನೋಡಿದ್ದೆ, ನಾಚಿಕೆಯಾಗುತ್ತೆ.

ಅದರ ರೆಕ್ಕೆ ತಿರುಗುವ ಅಗಲವೇ 21 ಮೀಟರ್. ಬಂಡೆಗೆ ತೀರಾ ಹತ್ತಿರ ಹೋಗುವಂತಿಲ್ಲ, ಇಳಿಯೋಕೆ ಜಾಗವಿಲ್ಲ. ಹಾಗಾಗಿ ಮೇಲೆಯೇ ನಿಂತು, ಬಾಗಿಲ ಬಳಿಯ ವಿಂಚ್‌ನಿಂದ ಉಕ್ಕಿನ ಹಗ್ಗ ಬಿಡಬೇಕು. ಪೈಲಟ್‌ಗೆ ನೇರ ಕೆಳಗೆ ಏನೂ ಕಾಣದು. ಬಾಗಿಲಲ್ಲಿ ಬಗ್ಗಿ ನಿಂತವನು 'ಸ್ವಲ್ಪ ಮುಂದೆ, ಬಲಕ್ಕೆ' ಅನ್ನುತ್ತಾ ಹೋಗಬೇಕು. ರೆಕ್ಕೆಯ ಗಾಳಿಗೆ ಧೂಳು, ಕಲ್ಲು ಹಾರುತ್ತವೆ. ಹಾರುವಾಗ ಹೆಲಿಕಾಪ್ಟರಿನಲ್ಲಿ ಸ್ಥಿರವಿದ್ಯುತ್ ತುಂಬಿಕೊಳ್ಳುವುದರಿಂದ ಕೊಕ್ಕೆ ಮೊದಲು ನೆಲ ಮುಟ್ಟಬೇಕು, ಆಮೇಲೆ ಕೈ ಹಾಕಬೇಕು. ಆ ಕೊಕ್ಕೆಯನ್ನು ಮರಕ್ಕೋ ಬಂಡೆಗೋ ಸಿಕ್ಕಿಸಿದರಂತೂ ಹೆಲಿಕಾಪ್ಟರನ್ನೇ ಗೂಟಕ್ಕೆ ಕಟ್ಟಿದ ಹಾಗೆ. ಬಿದ್ದು ಗಾಬರಿಯಾದವನಿಗೆ ಇದೆಲ್ಲ ಎಲ್ಲಿ ಹೊಳೆಯುತ್ತೆ? ಅದಕ್ಕೇ ಅವತ್ತು ಫ್ಲೈಟ್ ಗನ್ನರ್ ತಾನೇ ಹಗ್ಗದಲ್ಲಿ ಇಳಿದು, ಹುಡುಗನಿಗೆ ಪಟ್ಟಿ ಬಿಗಿದು ಮೇಲೆ ತಂದರು.

ನನಗೆ ಬಂದದ್ದು ಕುರಿ ಕಾಯುವ ಅಜ್ಜ. ಮುಕ್ಕಾಲು ಗಂಟೆ ಕೂಗಿದ ಮೇಲೆ ಮೇಲಿನಿಂದ ಮುಖ ಕಂಡಿತು.

"ಹಗ್ಗ ಒಗೀರಿ ಅಜ್ಜಾ, ಹಿಡ್ಕೊಂಡು ಹತ್ತತೀನಿ" ಅಂದೆ.

"ನಿನ್ನ ಕೈ ನೋಡ್ಕೋ ತಮ್ಮಾ, ಹೆಂಗ ನಡುಗಾಕತ್ತಾವ. ಸುಮ್ನ ಕುಂದ್ರು."

ಮರಕ್ಕೆ ಹಗ್ಗ ಕಟ್ಟಿ, ಬರಿಗಾಲಲ್ಲಿ ತಾನೇ ಇಳಿದು ಬಂದ. ನನ್ನ ಕಂಕುಳ ಕೆಳಗೆ ಹಗ್ಗ ಸುತ್ತಿ, ಎರಡು ಸಲ ಜಗ್ಗಿ ನೋಡಿದ. ಕಾಲಿಡುವ ಜಾಗ ಒಂದೊಂದಾಗಿ ತೋರಿಸುತ್ತಾ ಬೆನ್ನ ಹಿಂದೆಯೇ ಹತ್ತಿದ. ಮೇಲೆ ಮುಟ್ಟಿದಾಗ ನನ್ನ ಕಾಲಲ್ಲಿ ಬಲವಿರಲಿಲ್ಲ. ನೀರು ಕುಡಿಯಲು ಬಾಟಲಿ ತೆಗೆದೆ, ಅವನು ಕೂರಲು ಬಿಡಲಿಲ್ಲ.

"ಎದ್ದೇಳು, ಕತ್ತಲಾದ್ರ ಕರಡಿ ಬರ್ತಾವ."