ಕರೆಯದೆ ಹೋಗುವ ಮನೆ

ಮದುವೆಗೆ ಕರೆದರೆ ಹೋಗಬೇಕು, ಸಾವಿಗೆ ಕರೆಯದಿದ್ದರೂ ಹೋಗಬೇಕು ಅಂತಾರೆ ನಮ್ಮ ಹಿರಿಯರು. ಸುದ್ದಿ ಕಿವಿಗೆ ಬಿದ್ದರೆ ಸಾಕು, ಚಪ್ಪಲಿ ಮೆಟ್ಟಿ ಹೊರಟುಬಿಡುತ್ತೇವೆ. ಹೋಗಿ ಮಾಡುವುದೇನು ಹೇಳಿ? ಜಗಲಿಯ ಮೇಲೆ ಒಂದಷ್ಟು ಹೊತ್ತು ಸುಮ್ಮನೆ ಕೂರುವುದು, ‘ಯಾವಾಗ ಆಯ್ತು?’ ಎಂದು ಗೊತ್ತಿದ್ದದ್ದನ್ನೇ ಕೇಳುವುದು. ಅಷ್ಟರಿಂದಲೇ ಆ ಮನೆಯವರಿಗೆ ಏನೋ ಒಂದು ಆಸರೆ. ಸರಿ, ಸತ್ತವರು ಏಳು ಸಮುದ್ರದಾಚೆಯವರಾದರೆ? ಬಾಂಬು ಬಿದ್ದು, ಹೋಗಿ ಕೂರಲು ಜಗಲಿಯೇ ಉಳಿದಿರದಿದ್ದರೆ? ಆ ಬಾಂಬಿಗೆ ನಾವು ಕಟ್ಟಿದ ತೆರಿಗೆಯ ದುಡ್ಡೇ ಹೋಗಿದ್ದರೆ? ಅಂಥ ಹೊತ್ತಿನಲ್ಲಿ ಮನಸ್ಸು ತಡೆಯದ ಜನ ಬೀದಿಗೆ ಬರುತ್ತಾರೆ.

1969ರ ನವೆಂಬರ್ 13ರ ಸಂಜೆ ಅಮೆರಿಕದ ವಾಷಿಂಗ್ಟನ್ನಿನಲ್ಲಿ ಹಾಗೆ ಬಂದರು. ಆರ್ಲಿಂಗ್ಟನ್ನಿನ ಸೈನಿಕರ ಸ್ಮಶಾನದ ಬಳಿಯಿಂದ ಒಬ್ಬರ ಹಿಂದೊಬ್ಬರು ಹೊರಟರು. ಒಬ್ಬೊಬ್ಬರ ಕೊರಳಲ್ಲೂ ಒಂದೊಂದು ಫಲಕ, ಅದರ ಮೇಲೆ ವಿಯೆಟ್ನಾಮಿನಲ್ಲಿ ಸತ್ತ ಒಬ್ಬ ಸೈನಿಕನ ಹೆಸರು, ಇಲ್ಲವೇ ಅಲ್ಲಿ ನಾಶವಾದ ಒಂದು ಹಳ್ಳಿಯ ಹೆಸರು. ಕೈಯಲ್ಲಿ ಮೇಣದ ಬತ್ತಿ. ಶ್ವೇತಭವನದ ಮುಂದೆ ಬಂದಾಗ ಆ ಹೆಸರನ್ನು ಗಟ್ಟಿಯಾಗಿ ಕೂಗುವುದು, ಮುಂದೆ ನಡೆದು ಸಂಸತ್ ಭವನವಾದ ಕ್ಯಾಪಿಟಲ್ ಹತ್ತಿರ ಇಟ್ಟಿದ್ದ ಶವಪೆಟ್ಟಿಗೆಗಳಲ್ಲಿ ಫಲಕ ಹಾಕುವುದು. ಎರಡು ರಾತ್ರಿ, ನಡುವಿನ ಹಗಲು, ಮೂರನೆಯ ದಿನದ ಬೆಳಗಿನವರೆಗೂ ಸಾಲು ಕಡಿಯಲಿಲ್ಲ. ಸುಮಾರು 40 ಸಾವಿರ ಜನ ನಡೆದರಂತೆ. ಮೆರವಣಿಗೆ ಅಂದರೆ ಸಾವಿರ ಬಾಯಿಗೆ ಒಂದೇ ಘೋಷಣೆ, ಅಲ್ಲವೇ? ಇಲ್ಲಿ ಪ್ರತಿ ಬಾಯಿಗೂ ಬೇರೆಯದೇ ಹೆಸರು. ಅಷ್ಟು ಹೊತ್ತು ಕಿಟಕಿಯಾಚೆಯಿಂದ ಹೆಸರುಗಳೇ ಕೇಳಿಬಂದರೆ ಒಳಗಿದ್ದವರಿಗೆ ಏನನ್ನಿಸಿರಬೇಕು!

‘ಇದೆಲ್ಲ ನಾಟಕ’ ಅನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಹೌದು, ನಾಟಕವೇ. ಅದರಲ್ಲಿ ತಪ್ಪೇನಿದೆ? ನಮ್ಮ ಹಳ್ಳಿಗಳಲ್ಲಿ ಹೆಂಗಸರು ಹೆಣದ ಮುಂದೆ ಕೂತು ಹಾಡಿಕೊಂಡು ಅಳುತ್ತಾರಲ್ಲ, ಅದಕ್ಕೂ ಒಂದು ರಾಗವಿದೆ, ಒಂದು ವರಸೆಯಿದೆ. ಒಬ್ಬಳು ಎತ್ತಿಕೊಂಡರೆ ಇನ್ನೊಬ್ಬಳು ದನಿಗೂಡಿಸುತ್ತಾಳೆ. ಸತ್ತವನಿಗೆ ಆಕೆ ನೆಂಟಳೇ ಆಗಿರಬೇಕೆಂದಿಲ್ಲ. ಹತ್ತು ವರ್ಷದ ಹಿಂದೆ ಹೋದ ತನ್ನ ಮಗನನ್ನೂ ಅದೇ ರಾಗದಲ್ಲಿ ನೆನೆದುಕೊಳ್ಳುತ್ತಾಳೆ. ಆ ಅಳುವನ್ನು ಸುಳ್ಳು ಅನ್ನಲು ಯಾರಿಗಾದರೂ ಬಾಯಿ ಬಂದೀತೇ?

ನನ್ನನ್ನು ಬಹಳ ಕಾಡಿದವನು ವಫಾ ಬಿಲಾಲ್. ಇರಾಕಿನ ನಜಫ್‌ನಲ್ಲಿ ಹುಟ್ಟಿ, ಅಲ್ಲಿನ ಸರ್ಕಾರದ ವಿರುದ್ಧ ಎದ್ದ 1991ರ ಬಂಡಾಯದ ಮೇಲೆ ದೇಶ ಬಿಟ್ಟು, ನಿರಾಶ್ರಿತರ ಶಿಬಿರ ದಾಟಿ ಅಮೆರಿಕ ಸೇರಿದ ಕಲಾವಿದ. 2004ರಲ್ಲಿ ಅವನ ತಮ್ಮ ಕೂಫಾದಲ್ಲಿ ಅಮೆರಿಕದ ದಾಳಿಗೆ ಸತ್ತ. ಕೊಂದ ದೇಶದಲ್ಲೇ ಇದ್ದು ತಮ್ಮನಿಗಾಗಿ ಅಳಬೇಕಾದ ಅಣ್ಣನ ಪಾಡು ಎಂಥದ್ದು ನೋಡಿ. 2010ರ ಮಾರ್ಚಿನಲ್ಲಿ ಅವನು ನ್ಯೂಯಾರ್ಕಿನ ಗ್ಯಾಲರಿಯೊಂದರಲ್ಲಿ 24 ಗಂಟೆ ಬೆನ್ನು ಕೊಟ್ಟು ಹಚ್ಚೆ ಹಾಕಿಸಿಕೊಂಡ. ಗಡಿರೇಖೆಯಿಲ್ಲದ ಇರಾಕಿನ ನಕ್ಷೆ, ಊರುಗಳ ಹೆಸರು ಅರಬ್ಬಿಯಲ್ಲಿ, ಸತ್ತವರು ಬಿದ್ದಲ್ಲಿ ಚುಕ್ಕಿ. ಅಮೆರಿಕದ ಸೈನಿಕರ 5,000 ಚುಕ್ಕಿ ಕೆಂಪು ಮಸಿಯಲ್ಲಿ. ಇರಾಕಿಗಳ ಪಾಲಿನ 1 ಲಕ್ಷ ಚುಕ್ಕಿಗೆ ಬಳಸಿದ್ದು ಬರಿಗಣ್ಣಿಗೆ ಕಾಣದ ಮಸಿ. ನೇರಳಾತೀತ ಬೆಳಕು ಹಿಡಿದರೆ ಮಾತ್ರ ಹೊಳೆಯುತ್ತದೆ. ಸೂಜಿ ಚುಚ್ಚುತ್ತಿದ್ದಷ್ಟು ಹೊತ್ತೂ ಬಂದವರು ಸತ್ತವರ ಹೆಸರು ಓದುತ್ತಿದ್ದರು. ಎರಡೂ ಮಸಿಗೆ ಚುಚ್ಚುವ ಸೂಜಿ ಒಂದೇ, ನೋವೂ ಒಂದೇ. ಯಾವ ಸಾವು ಪತ್ರಿಕೆಯ ಮೊದಲ ಪುಟದಲ್ಲಿ ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂದು ನಾವು ಪುಟಗಟ್ಟಲೆ ಬರೆಯುವುದನ್ನು ಆ ಬೆನ್ನು ಒಂದು ದೀಪ ಹಾಕಿದರೆ ತೋರಿಸಿಬಿಡುತ್ತದೆ.

ಶತ್ರುವಿನ ಸಾವಿಗೆ ಅಳುವುದು ಇನ್ನೂ ಕಷ್ಟ. 1988ರಲ್ಲಿ ಜೆರುಸಲೇಮಿನ ಇಸ್ರೇಲಿ ಹೆಂಗಸರು ಪ್ಯಾಲೆಸ್ತೀನಿನ ನೆಲವನ್ನು ತಮ್ಮ ದೇಶ ಆಕ್ರಮಿಸಿಕೊಂಡಿರುವುದು ನಿಲ್ಲಲಿ ಎಂದು ಶುಕ್ರವಾರ ಶುಕ್ರವಾರ ಕಪ್ಪುಡುಗೆಯಲ್ಲಿ ಚೌಕದಲ್ಲಿ ನಿಲ್ಲತೊಡಗಿದರು. 1991ರ ಅಕ್ಟೋಬರಿನಿಂದ ಯುಗೊಸ್ಲಾವಿಯಾದ ಬೆಲ್‌ಗ್ರೇಡಿನ ಹೆಂಗಸರೂ ಹಾಗೇ ನಿಂತರು, ತಮ್ಮದೇ ಸರ್ಕಾರದ ಯುದ್ಧದ ವಿರುದ್ಧ. ದಾರಿಹೋಕರು ಬೈದರು, ದೇಶದ್ರೋಹಿಗಳೆಂದರು, ಉಗಿದರು. ಇವರು ತುಟಿ ಎರಡು ಮಾಡಲಿಲ್ಲ. ಆ ಕಪ್ಪುಡುಗೆ ಬೆಂಗಳೂರಿಗೂ ಬಂತು. ‘ವಿಮೋಚನಾ’ ಸಂಘಟನೆಯ ಮಹಿಳೆಯರು ಹಾಗೆ ಮೌನವಾಗಿ ನಿಂತದ್ದುಂಟು. ಬೆಂಗಳೂರು ಅಂದಾಗ ‘ಸಮುದಾಯ’ ನಾಟಕ ತಂಡ ನೆನಪಾಗುತ್ತದೆ. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ದಲಿತರನ್ನು ಸುಟ್ಟರು. ಅದು ಯುದ್ಧವಲ್ಲ, ನಿಜ. ಆದರೆ ಆ ಹಳ್ಳಿಯನ್ನು ಕಣ್ಣಾರೆ ಕಾಣದ ಕನ್ನಡದ ಹುಡುಗರು ‘ಬೆಲ್ಚಿ’ ಬೀದಿನಾಟಕ ಹೊತ್ತು ಊರೂರು ಸುತ್ತಿದರಲ್ಲ, ಅದೂ ಕರೆಯದೆ ಹೋದದ್ದೇ.

ಹೀಗೆ ಬೀದಿಯಲ್ಲಿ ನಿಂತು ಅಳುವುದರಿಂದ ಯುದ್ಧ ನಿಂತೀತೇ ಅಂತ ಕೇಳುವವರಿಗೆ ನಾನು ಪೀಟರ್ ಶೂಮನ್ನನ ಕಡೆ ಕೈ ತೋರಿಸುತ್ತೇನೆ. ಎರಡನೇ ಮಹಾಯುದ್ಧದ ಕೊನೆಗೆ ಹುಟ್ಟೂರು ಬಿಟ್ಟು ಓಡಬೇಕಾದ ಜರ್ಮನ್ ಹುಡುಗ ಅವನು. 1963ರಲ್ಲಿ ನ್ಯೂಯಾರ್ಕಿನಲ್ಲಿ ‘ಬ್ರೆಡ್ ಅಂಡ್ ಪಪೆಟ್’ ತಂಡ ಕಟ್ಟಿ, ವಿಯೆಟ್ನಾಂ ಯುದ್ಧದ ವಿರುದ್ಧದ ಮೆರವಣಿಗೆಗಳಿಗೆ ದೈತ್ಯ ಗೊಂಬೆಗಳನ್ನು ಇಳಿಸಿದ. ನಮ್ಮ ಗಾರುಡಿ ಗೊಂಬೆಯ ಹಾಗೆ ಆಳೆತ್ತರಕ್ಕೂ ಮೇಲೆ, ಒಳಗೆ ಮನುಷ್ಯ. ವಿಯೆಟ್ನಾಮಿ ಹೆಂಗಸರ ಮುಖವಾಡ ತೊಟ್ಟವರು ಅಮೆರಿಕದ ಬೀದಿಯಲ್ಲಿ ನಡೆದರು. ಆಟ ಮುಗಿದ ಮೇಲೆ ನೋಡಲು ಬಂದವರಿಗೆ ಶೂಮನ್ ತಾನೇ ಸುಟ್ಟ ರೊಟ್ಟಿ ಹಂಚುತ್ತಿದ್ದ. ತಾಯಿ ಮಾಡುತ್ತಿದ್ದ ರೀತಿಯ ಹುಳಿಹಿಟ್ಟಿನ ರೈ ರೊಟ್ಟಿ, ಅಗಿಯಲು ಹಲ್ಲು ಗಟ್ಟಿ ಇರಬೇಕು, ಜೊತೆಗೆ ಬೆಳ್ಳುಳ್ಳಿ ಅರೆದು ಹಾಕಿದ ವ್ಯಂಜನ. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಅಕ್ಕಪಕ್ಕದವರು ಅನ್ನ ಸಾರು ಕಳಿಸುವ ಊರಿನವರು ನಾವು. ನಮಗೆ ಆ ರೊಟ್ಟಿ ಯಾಕೆ ಅಂತ ಯಾರೂ ವಿವರಿಸಬೇಕಾಗಿಲ್ಲ.